ಬಚ್ಚಲಮನೆಯ ಹೊಸ್ತಿಲು

ಮನೆ ಕಟ್ಟಿಸುವ ಗೃಹಸ್ಥನು ತಲೆಬಾಗಿಲಿನ ಮರಕ್ಕೂ ದೇವರಮನೆಯ ಕೆತ್ತನೆಗೂ ಕೊಡುವ ಲಕ್ಷ್ಯದಲ್ಲಿ ಕಾಲುಪಾಲನ್ನೂ ಬಚ್ಚಲಮನೆಗೆ ಕೊಡುವುದಿಲ್ಲ. ಉಳಿದ ಮೂಲೆಯೇ ಅದರ ಸ್ಥಳ; ಎರಡೂವರೆ ಅಡಿಯ ಬಾಗಿಲೇ ಅದರ ಭಾಗ್ಯ. ಕೈಕಾಲುಗಳು ಗಟ್ಟಿಯಾಗಿರುವವರೆಗೆ ಇದರ ಲೋಪವು ಯಾರಿಗೂ ತೋರುವುದಿಲ್ಲ. ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದ ದಿನ, ಅಥವಾ ನಡೆಯಲಾರದ ಮಗುವು ಇನ್ನು ಎತ್ತಲಾಗದಷ್ಟು ಬೆಳೆದ ದಿನ, ಮನೆಯವರು ಆ ಬಾಗಿಲಿನ ಅಗಲವನ್ನು ಮೊದಲ ಬಾರಿಗೆ ಅಳೆಯುತ್ತಾರೆ.

2011ನೆಯ ಇಸವಿಯ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲು. ಅಂಗವಿಕಲರೆಂಬುದು ತರವಲ್ಲವೆಂದು ವಿಕಲಚೇತನರೆಂದರು, ವಿಶೇಷಚೇತನರೆಂದರು, ದಿವ್ಯಾಂಗರೆಂದರು. ಹೆಸರುಗಳು ನಾಲ್ಕಾದುವು, ಬಚ್ಚಲಿನ ಬಾಗಿಲು ಮಾತ್ರ ಎರಡೂವರೆ ಅಡಿಯಲ್ಲಿಯೇ ನಿಂತಿದೆ. ಚೌಕಟ್ಟನ್ನು ಕಳೆದು ಉಳಿಯುವ ಆ ಸಂದಿನಲ್ಲಿ ಗಾಲಿಕುರ್ಚಿಯು ತೂರಿದರೂ ಅದರ ಗಾಲಿಗಳನ್ನು ತಿರುಗಿಸುವ ಕೈಗಳು ತೂರುವುದಿಲ್ಲ.

ಇದನ್ನು ಬರಿಯ ಸೌಕರ್ಯದ ಪ್ರಶ್ನೆಯೆಂದು ತಿಳಿಯತಕ್ಕದ್ದಲ್ಲ. ನಡುರಾತ್ರಿಯಲ್ಲಿ ಸೊಸೆಯನ್ನು ಎಬ್ಬಿಸಬೇಕಾದೀತೆಂಬ ಸಂಕೋಚದಿಂದ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟ ವೃದ್ಧರನ್ನು ನಾವು ಬಲ್ಲೆವು. ಮಗನಿಂದ ಸೇವೆ ಮಾಡಿಸಿಕೊಳ್ಳುವುದು ತಂದೆಯ ಪುಣ್ಯವೆಂದು ಹೇಳುವವರು ಹೇಳಲಿ. ತನ್ನ ಶೌಚವನ್ನು ತಾನೇ ಮಾಡಿಕೊಳ್ಳಬೇಕೆಂಬ ಆಸೆ ಆ ತಂದೆಗೆ ಇರುವುದಿಲ್ಲವೆ?

ಆಗಬೇಕಾದ ಕೆಲಸವೇನೂ ಅಸಾಧ್ಯವಾದುದಲ್ಲ. ಬಾಗಿಲು 3 ಅಡಿ ಅಗಲ ತೆರೆಯಬೇಕು, ಅದೂ ಹೊರಕ್ಕೆ. ಒಳಗೆ ಬಿದ್ದವರ ಮೈಯೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುವುದುಂಟು. ಚಿಲಕವು ಹೊರಗಿನಿಂದಲೂ ತೆಗೆಯಲು ಬರುವಂತಿರಬೇಕು. ಗಾಲಿಕುರ್ಚಿ ತಿರುಗಲು 5 ಅಡಿಯ ತೆರಪು ಬೇಕು. ನೀರು ಹೊರಗೆ ಹರಿಯಬಾರದೆಂದು ಮೇಸ್ತ್ರಿಯು ಕಟ್ಟುವ ಎರಡು ಮೂರು ಅಂಗುಲದ ಹೊಸ್ತಿಲಂತೂ ಕುರುಡರಿಗೂ ಕುಂಟರಿಗೂ ಒಂದೇ ಸಮನಾದ ಶತ್ರು. ನೆಲಕ್ಕೆ ಸರಿಯಾದ ಇಳಿಜಾರನ್ನು ಕೊಟ್ಟು, ಬಾಗಿಲ ಬಳಿ ಜಾಲರಿ ಮುಚ್ಚಿದ ಕಿರುಕಾಲುವೆಯನ್ನು ಮಾಡಿದರೆ ಹೊಸ್ತಿಲಿಲ್ಲದೆಯೂ ನೀರು ನಿಲ್ಲುತ್ತದೆ.

ಇನ್ನು ನೆಲ. ಮಿರುಗುವ ಗ್ರಾನೈಟನ್ನು ಬಚ್ಚಲಿಗೆ ಹಾಸುವ ಹೊಸ ಷೋಕಿಯನ್ನು ನಾವು ಒಪ್ಪಲಾರೆವು. ಎಣ್ಣೆನೀರಿನ ಸ್ನಾನದ ದಿನ ಸೀಗೆಪುಡಿಯ ಲೋಳೆಯೂ ಎಣ್ಣೆಯ ಜಿಡ್ಡೂ ಸೇರಿದ ಆ ಕಲ್ಲಿನ ಮೇಲೆ ಗಟ್ಟಿಗರೇ ಜಾರುತ್ತಾರೆ. ತರಿಯಾದ ಹೆಂಚನ್ನೇ ಹಾಸತಕ್ಕದ್ದು. ಗೋಡೆಗಿಂತ ನೆಲದ ಬಣ್ಣ ಬೇರೆಯಾಗಿದ್ದರೆ ಮಂದದೃಷ್ಟಿಯವರಿಗೆ ಉಪಕಾರ. ಪೂರ್ಣ ಅಂಧರಿಗಾದರೋ ಚೊಂಬು, ಸೋಪು, ಬಕೀಟುಗಳನ್ನು ಪ್ರತಿದಿನವೂ ಇಟ್ಟ ಜಾಗದಲ್ಲಿಯೇ ಇಡುವುದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಿಡಿಗಂಬಿಯ ವಿಷಯದಲ್ಲಿ ಜನರು ತಪ್ಪುವುದು ಹೆಚ್ಚು. ಟವಲು ಹಾಕುವ ಕಂಬಿಯನ್ನೇ ಆಸರೆಯೆಂದು ಹಿಡಿದು, ಅದು ಗೋಡೆಯಿಂದ ಕಿತ್ತುಬಂದು ಬಿದ್ದವರುಂಟು. ಹಿಡಿಗಂಬಿಯು ಆಳಿನ ಪೂರ್ಣ ಭಾರವನ್ನು ತಾಳುವಂತೆ ಗಟ್ಟಿಗೋಡೆಗೆ ಬಿಗಿದಿರಬೇಕು. ಅದು ಯಾವ ಕಡೆಗೆ ಎಂಬುದೂ ಮುಖ್ಯ. ಬಲಭಾಗ ಬಿದ್ದುಹೋದವನಿಗೆ ಬಲಗೋಡೆಯ ಕಂಬಿಯಿಂದ ಪ್ರಯೋಜನವೇನು? ಎಡಗೈಯೇ ಸ್ವಾಧೀನವಿಲ್ಲದವನು ಶೌಚಕ್ಕೆ ಬಲಗೈಯನ್ನೇ ಬಳಸಬೇಕಾಗುವುದರಿಂದ ನೀರಿನ ಕೊಳವೆಯೂ ಬಲಗಡೆಗೆ ಬರಬೇಕು. ಇದನ್ನು ಇಂಜಿನಿಯರರಲ್ಲಿ ಕೇಳುವುದಕ್ಕಿಂತ ಬಳಸುವವರನ್ನೇ ಕೂರಿಸಿ ಕೇಳುವುದು ಲೇಸು. ಮಣೆಯ ಮೇಲೆ ಕುಳಿತವರು ಏಳಲಾರರು. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಕಾಲಿಗೆ ರಬ್ಬರು ತೊಡಿಸಿದ ಭಾರದ ಪೀಠವನ್ನಿಡಬೇಕು. ಸ್ಪರ್ಶಜ್ಞಾನ ಕುಗ್ಗಿದವರಿಗೆ ಗೀಸರಿನ ನೀರು ಸುಡುವುದು ತಿಳಿಯುವುದಿಲ್ಲವಾದುದರಿಂದ ಬಕೀಟಿಗೆ ತಣ್ಣೀರನ್ನೇ ಮೊದಲು ಬಿಟ್ಟು, ಬಿಸಿನೀರನ್ನು ಬೆರೆಸಿ, ಬೇರೊಬ್ಬರು ಕೈಯಿಟ್ಟು ನೋಡತಕ್ಕದ್ದು.

ಈಗ ಸರ್ಕಾರದವರ ಮಾತು. 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಕಟ್ಟಡಗಳನ್ನು ಕುರಿತು ಸಾಕಷ್ಟು ಹೇಳುತ್ತದೆ. ಅದರ ನಿಯಮಗಳಲ್ಲಿ ಒಂದು ಬರಿಯ ಸಲಹೆಯಂತಿದೆಯೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಕಡ್ಡಾಯವಾದ ನಿಯಮಗಳನ್ನು ಮಾಡಬೇಕೆಂದು ಆಜ್ಞಾಪಿಸಿತು. ಇದು ಸಂತೋಷದ ಸಂಗತಿಯೇ. ಆದರೆ ಮನುಷ್ಯನು ದಿನವೂ ಬೀಳುವುದು ಕಚೇರಿಯ ಮೆಟ್ಟಿಲ ಮೇಲಲ್ಲ, ತನ್ನ ಬಚ್ಚಲಿನಲ್ಲಿ. ಅದೇ ಕಾಯಿದೆಯ 37ನೆಯ ಕಲಮು ವಸತಿ ಯೋಜನೆಗಳಲ್ಲಿ ನಿಗದಿತ ಪ್ರಮಾಣದ ವೈಕಲ್ಯವುಳ್ಳವರಿಗೆ ನೂರಕ್ಕೆ 5ರಂತೆ ಮೀಸಲನ್ನು ವಿಧಿಸಿದೆ. ಹಾಗೆ ಹಂಚುವ ಮನೆಯ ಬಚ್ಚಲಿಗೆ ಆ ಮನೆಯ ಯಜಮಾನನು ಹೋಗಬಲ್ಲನೆ ಎಂದು ಕೇಳುವವರಾರು? 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿಯೂ ಹಾಗೆಯೇ. ಶೌಚಗೃಹಕ್ಕೆ 12,000 ರೂಪಾಯಿಗಳ ನೆರವನ್ನು ಪಡೆಯುವವರ ಪಟ್ಟಿಯಲ್ಲಿ ಬಡತನದ ರೇಖೆಗಿಂತ ಮೇಲಿರುವ ಅಂಗವಿಕಲರನ್ನೂ ಸೇರಿಸಿದರು. ಆ ಹಣದಲ್ಲಿ ಎದ್ದ ಕಿರುಗೂಡಿನಲ್ಲಿ ಕುಕ್ಕರಗಾಲಿನ ತೊಟ್ಟಿಯನ್ನಿಟ್ಟರೆ, ಮಂಡಿ ಮಡಿಸಲಾರದವನಿಗೆ ಅದು ಸೌದೆ ತುಂಬಲು ಮಾತ್ರ ಒದಗೀತು.

ಹೊಸ ಮನೆಯ ಬಾಗಿಲನ್ನು ಅರ್ಧ ಅಡಿ ಅಗಲ ಮಾಡುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಕಟ್ಟಿದ ಗೋಡೆಯನ್ನು ಒಡೆದು ಮಾಡುವುದಾದರೆ ಅದು ಹಲವು ಮಡಿ. ಆದಕಾರಣ ನಗರಸಭೆಗಳು ಮನೆಯ ನಕ್ಷೆಗೆ ಮಂಜೂರಿ ಕೊಡುವಾಗ ನೆಲಮಹಡಿಯ ಒಂದು ಬಚ್ಚಲಿಗಾದರೂ 3 ಅಡಿಯ ಬಾಗಿಲೂ ಹೊಸ್ತಿಲಿಲ್ಲದ ನೆಲವೂ ಇವೆಯೆ ಎಂದು ನೋಡಲಿ. ವಸತಿ ಇಲಾಖೆಯವರು ಮೀಸಲು ಮನೆಗಳ ಬೀಗದ ಕೈಯನ್ನು ಕೊಡುವ ಮೊದಲು ಒಂದು ಗಾಲಿಕುರ್ಚಿಯನ್ನು ಆ ಬಚ್ಚಲಿನೊಳಕ್ಕೆ ಒಮ್ಮೆ ದೂಡಿಸಿ ನೋಡಲಿ.