ಒಂದೇ ಕಾರ್ಡು, ಒಂದೇ ಲೆಕ್ಕ

ಕಳೆದ ತಿಂಗಳು ನಿಮ್ಮ ಮನೆಯಲ್ಲಿ ದಿನಸಿಗೆ ಎಷ್ಟು ಖರ್ಚಾಯಿತು? ಹಾಲಿಗೆ, ತರಕಾರಿಗೆ, ಮಾಂಸಕ್ಕೆ, ಔಷಧಿಗೆ, ಮಕ್ಕಳ ಶಾಲಾ ವ್ಯಾನಿಗೆ? ಯಾರಾದರೂ ತಟ್ಟನೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಹೊಳೆಯುವುದಿಲ್ಲ. ಸಂಬಳ ಬಂದದ್ದು ಗೊತ್ತು, ಮುಗಿದದ್ದೂ ಗೊತ್ತು. ನಡುವೆ ಅದು ಯಾವ ದಾರಿಯಲ್ಲಿ ಹೋಯಿತೆಂಬುದು ಮಾತ್ರ ಗೊತ್ತಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿರುತ್ತಿತ್ತು. ತಿಲಕನಗರವಿರಲಿ, ಗುರಪ್ಪನಪಾಳ್ಯವಿರಲಿ, ಬೀದಿಯ ದಿನಸಿ ಅಂಗಡಿಯಲ್ಲಿ ಮನೆಗೊಂದು ಲೆಕ್ಕದ ಪುಸ್ತಕವಿರುತ್ತಿತ್ತು. ಮಗು ಹೋಗಿ ಕಾಲು ಕೆಜಿ ಸಕ್ಕರೆ ತಂದರೂ ಅದರಲ್ಲಿ ಬರೆಯಲಾಗುತ್ತಿತ್ತು. ಸಂಬಳದ ವಾರದಲ್ಲಿ ಲೆಕ್ಕ ಚುಕ್ತಾ. ಅಂಗಡಿಯವರು ಬಡ್ಡಿ ಹಾಕುತ್ತಿರಲಿಲ್ಲ, ಆದರೆ ಬಾಕಿ ಬೆಳೆದರೆ ಅವರ ಮುಖ ಬದಲಾಗುತ್ತಿತ್ತು. ಆ ಮುಖವೇ ಮನೆಯ ಖರ್ಚಿಗೆ ಒಂದು ಕಡಿವಾಣವಾಗಿತ್ತು.

ಇಂದು ಅದೇ ಮನೆಯ ಖರ್ಚು ಹತ್ತು ಕಡೆ ಹಂಚಿಹೋಗಿದೆ. ಹಾಲಿಗೆ ಪತಿಯ ಫೋನಿನಿಂದ ಯುಪಿಐ. ಜಯನಗರ 4ನೇ ಬ್ಲಾಕಿನ ತರಕಾರಿಗೆ ನಗದು. ಬಟ್ಟೆಗೆ ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡು, ಪೆಟ್ರೋಲಿಗೆ ಇನ್ನೊಂದು, ಆನ್‌ಲೈನ್ ಖರೀದಿಗೆ ‘ರಿಯಾಯಿತಿ ಇದೆ’ ಎಂದು ಮತ್ತೊಂದು. ಮೂರು ಕಾರ್ಡಿಗೆ ಮೂರು ಬಿಲ್ಲು, ಮೂರು ಕೊನೆಯ ದಿನಾಂಕ. ಕೆಲಸಕ್ಕೆಂದು ಬಂದು ಬಿಟಿಎಂ ಲೇಔಟಿನಲ್ಲಿ ಕೊಠಡಿ ಹಿಡಿದ ನಮ್ಮ ಹುಡುಗರ ಪರ್ಸನ್ನು ಒಮ್ಮೆ ತೆರೆದು ನೋಡಿ. ಮದುವೆಗೆ ಮುಂಚೆಯೇ ನಾಲ್ಕು ಕಾರ್ಡು ಸಿಕ್ಕರೆ ಆಶ್ಚರ್ಯಪಡಬೇಡಿ.

ಆದ್ದರಿಂದಲೇ ‘ಎಲ್ಲ ಖರ್ಚನ್ನೂ ಒಂದೇ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿ’ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆಯಲ್ಲಿ ಸತ್ಯವಿದೆ. ಒಂದೇ ಕಾರ್ಡಾದರೆ ತಿಂಗಳಿಗೊಂದು ಬಿಲ್ಲು, ಒಂದೇ ದಿನಾಂಕ. ಯಾವ ದಿನ, ಯಾವ ಅಂಗಡಿ, ಎಷ್ಟು ಹಣ, ಎಲ್ಲವೂ ಒಂದು ಕಡೆ ಅಚ್ಚಾಗಿ ಬರುತ್ತದೆ. ಅಂಗಡಿಯವರ ಹಳೆಯ ಪುಸ್ತಕವೇ ಬೇರೆ ವೇಷದಲ್ಲಿ ಮರಳಿದಂತೆ. ಆದರೆ ಬ್ಯಾಂಕಿಗೆ ಮುಖವಿಲ್ಲ. ಬಾಕಿ ಬೆಳೆದಷ್ಟೂ ಅದಕ್ಕೆ ಸಂತೋಷವೇ.

ಈ ಸಂತೋಷದ ಗುಟ್ಟು ಬಿಲ್ಲಿನಲ್ಲಿರುವ ಒಂದು ಸಾಲಿನಲ್ಲಿದೆ: ‘ಪಾವತಿಸಬೇಕಾದ ಕನಿಷ್ಠ ಮೊತ್ತ’. ನಿಮ್ಮ ಬಿಲ್ಲು 20,000 ರೂಪಾಯಿ ಎಂದಿಟ್ಟುಕೊಳ್ಳಿ. ಕನಿಷ್ಠ ಮೊತ್ತ ಸಾಮಾನ್ಯವಾಗಿ ಶೇ. 5ರ ಆಸುಪಾಸು, ಅಂದರೆ 1,000 ರೂಪಾಯಿ. ಅಷ್ಟನ್ನು ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ಉಳಿದ 19,000ಕ್ಕೆ ತಿಂಗಳಿಗೆ ಶೇ. 3.5ರಂತೆ 665 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಸುಮಾರು 785. ಮುಂದಿನ ತಿಂಗಳು ಮತ್ತೆ 1,000 ಕಟ್ಟಿದರೆ ಅಸಲಿಗೆ ಸೇರುವುದು ಬರೀ 215 ರೂಪಾಯಿ! ಇನ್ನೂ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೆಯ ಬಾಕಿ ಸ್ವಲ್ಪ ಉಳಿದರೂ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಇಂದು ತಂದ ಟೊಮೆಟೊಗೆ ಇಂದಿನಿಂದಲೇ ಬಡ್ಡಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಶುಲ್ಕವೂ ಉಂಟು, ಮೊದಲ ದಿನದಿಂದ ಬಡ್ಡಿಯೂ ಉಂಟು.

ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಶೇ. 30ಕ್ಕಿಂತ ಹೆಚ್ಚು ವಸೂಲಿ ಮಾಡುವುದು ಅನ್ಯಾಯದ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. ಹಾಗಾಗಿ ಆ ಮಿತಿಯ ಆಸರೆಯೂ ಈಗ ಗ್ರಾಹಕರಿಗಿಲ್ಲ.

ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ನಮ್ಮ ಮನೆಗಳಲ್ಲಿ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ‘ಸಮಯಕ್ಕೆ ಸರಿಯಾಗಿ ಪೂರ್ತಿ ಕಟ್ಟಿದರೆ ಬಡ್ಡಿಯೇ ಬರುವುದಿಲ್ಲವಲ್ಲ, ಮತ್ತೇನು ತಕರಾರು?’ ತಕರಾರು ಒಪ್ಪಂದದಲ್ಲಿದೆ. ತಡವಾದರೆ ಬಡ್ಡಿ ಕೊಡುತ್ತೇನೆಂದು ಸಹಿ ಹಾಕಿಯೇ ಕಾರ್ಡು ಪಡೆಯುತ್ತೇವೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 2000ದ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿದಾಗ, ಬಡ್ಡಿಯ ಷರತ್ತಿರುವ ಇಂತಹ ಕಾರ್ಡನ್ನು ಅವಧಿಯೊಳಗೆ ಕಟ್ಟುವ ಉದ್ದೇಶವಿದ್ದರೂ ಬಳಸಕೂಡದೆಂದು ನಿರ್ಣಯಿಸಿತು. ಅಗತ್ಯವಿದ್ದು, ಬಡ್ಡಿ ಬೀಳದಂತೆ ಖಚಿತವಾಗಿ ನೋಡಿಕೊಳ್ಳುವವರಿಗೆ ಅವಕಾಶವಿದೆಯೆನ್ನುವ ವಿದ್ವಾಂಸರೂ ಇದ್ದಾರೆ. ನೀವು ನಂಬುವ ವಿದ್ವಾಂಸರನ್ನು ಕೇಳಿಕೊಳ್ಳಿ. ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ.

ಆದರೆ ಮನೆವಾರ್ತೆಯ ದೃಷ್ಟಿಯಿಂದ ಒಂದು ಮಾತು ಹೇಳಬಹುದು. ನಿಮ್ಮ ಲೆಕ್ಕ ಸುಲಭವಾಗುವುದು ಎಲ್ಲವೂ ಒಂದೇ ಕಡೆ ಇರುವುದರಿಂದ. ಅದಕ್ಕೆ ಸಾಲ ಬೇಕಾಗಿಲ್ಲ. ಮನೆಖರ್ಚಿಗೆಂದೇ ಬೇರೊಂದು ಉಳಿತಾಯ ಖಾತೆ ತೆರೆಯಿರಿ. ಸಂಬಳ ಬಂದ ದಿನ ತಿಂಗಳ ಖರ್ಚಿನಷ್ಟೇ ಹಣವನ್ನು ಅದಕ್ಕೆ ವರ್ಗಾಯಿಸಿ. ಅದರ ಡೆಬಿಟ್ ಕಾರ್ಡು ಮತ್ತು ಯುಪಿಐಯಿಂದ ಮಾತ್ರ ಖರ್ಚು ಮಾಡಿ. ತಿಂಗಳ ಕೊನೆಗೆ ಪಾಸ್‌ಬುಕ್ಕೇ ನಿಮ್ಮ ಲೆಕ್ಕದ ಪುಸ್ತಕ. 20ನೇ ತಾರೀಕಿಗೇ ಖಾತೆ ಬರಿದಾದರೆ ಅದು ಅಂದೇ ಗೊತ್ತಾಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಗೊತ್ತಾಗುವುದು ಬಿಲ್ಲು ಬಂದ ಮೇಲೆ. ಮೋಸಗಾರರ ಕೈಗೆ ಮಾಹಿತಿ ಸಿಕ್ಕಿತೆಂದರೂ ಅಪಾಯಕ್ಕೊಳಗಾಗುವುದು ಆ ತಿಂಗಳ ಹಣ ಮಾತ್ರ, ಮಗಳ ಮದುವೆಗೆ ಕೂಡಿಟ್ಟದ್ದಲ್ಲ. ರಿವಾರ್ಡ್ ಪಾಯಿಂಟುಗಳು ತಪ್ಪಿಹೋಗುತ್ತವಲ್ಲ ಎನ್ನುವಿರಾ? ಆ ಪಾಯಿಂಟಿನ ಆಸೆಗೆ ಕೊಂಡ ಬೇಡದ ವಸ್ತುಗಳನ್ನು ಒಮ್ಮೆ ಎಣಿಸಿ ನೋಡಿ.

ಕ್ರೆಡಿಟ್ ಕಾರ್ಡೇ ಬೇಕು, ಅಥವಾ ಈಗಾಗಲೇ ಇದೆ ಎನ್ನುವವರು ಬ್ಯಾಂಕಿನಲ್ಲಿ ‘ಪೂರ್ತಿ ಮೊತ್ತ’ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಸಿ. ಅರ್ಜಿಯಲ್ಲಿ ‘ಕನಿಷ್ಠ ಮೊತ್ತ’ ಎಂಬ ಇನ್ನೊಂದು ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ, ಎಚ್ಚರ! ಮಿತಿಯನ್ನು ನಿಮ್ಮ ತಿಂಗಳ ಖರ್ಚಿನಷ್ಟಕ್ಕೆ ಇಳಿಸಿಕೊಳ್ಳಿ. ಎರಡು ಲಕ್ಷದ ಮಿತಿ ಕೊಟ್ಟಿದ್ದಾರೆಂದರೆ ಅದು ನಿಮ್ಮ ಆದಾಯವಲ್ಲ. ಬಿಲ್ಲಿನ ದಿನಾಂಕವನ್ನು ಒಮ್ಮೆಯಾದರೂ ಬದಲಾಯಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಗ್ರಾಹಕರಿಗೆ ಕೊಟ್ಟಿದೆ. ಸಂಬಳ 1ನೇ ತಾರೀಕಿಗೆ ಬರುವುದಾದರೆ 15ರ ಸುಮಾರಿಗೆ ಬಿಲ್ಲು ತಯಾರಾಗಲಿ. ಕಟ್ಟುವ ದಿನ ಸಾಮಾನ್ಯವಾಗಿ ಮುಂದಿನ ತಿಂಗಳ ಮೊದಲ ವಾರಕ್ಕೆ ಬೀಳುತ್ತದೆ, ಆಗ ಕೈಯಲ್ಲಿ ಹಣವಿರುತ್ತದೆ.

ಇನ್ನು ಎಲ್ಲವನ್ನೂ ಕಾರ್ಡಿನಲ್ಲೇ ಮಾಡುತ್ತೇನೆಂಬ ಹಟ ಬೇಡ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಆದರೆ ವ್ಯಾಪಾರಿಯ ಕ್ಯೂಆರ್ ಇದ್ದಲ್ಲಿ ಮಾತ್ರ. ತಳ್ಳುಗಾಡಿಯವರ ಸ್ವಂತ ಖಾತೆಗೆ ಅದರಿಂದ ಹಣ ಹೋಗುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದಲ್ಲಿ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ನೇತಾಡಿದ್ದು ನೆನಪಿರಬಹುದು. ಮನೆ ಬಾಡಿಗೆಯನ್ನು ಕಾರ್ಡಿನಿಂದ ಕಟ್ಟಿಸುತ್ತಿದ್ದ ಹಲವು ಆಪ್‌ಗಳೂ ಅದೇ ವರ್ಷ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಬಳಿಕ ಆ ಸೇವೆಯನ್ನು ನಿಲ್ಲಿಸಿದವು. ಸೊಪ್ಪಿಗೆ, ಮಾಂಸಕ್ಕೆ, ಆಟೋಗೆ, ಮನೆಗೆಲಸದವರ ಸಂಬಳಕ್ಕೆ ಒಂದಿಷ್ಟು ನಗದನ್ನು ತಿಂಗಳ ಮೊದಲೇ ಲಕೋಟೆಯಲ್ಲಿ ತೆಗೆದಿಡಿ. ಅದರ ಮೇಲೆ ಮೊತ್ತ ಬರೆದಿಟ್ಟರೆ ಸಾಕು, ಪ್ರತಿ ರೂಪಾಯಿಯ ಲೆಕ್ಕ ಬೇಕಿಲ್ಲ.

ಲೆಕ್ಕ ಒಂದೆಡೆ ಸೇರಿದಾಗ ಮನೆಯೊಳಗೆ ಒಂದು ಸೂಕ್ಷ್ಮ ತೊಡಕೂ ಹುಟ್ಟುತ್ತದೆ. ಪತಿಯ ಹೆಸರಿನ ಕಾರ್ಡಿಗೆ ಪತ್ನಿಗೊಂದು ಹೆಚ್ಚುವರಿ ಕಾರ್ಡು ಕೊಡಿಸುತ್ತಾರೆ. ಹಣ ಕಟ್ಟುವ ಹೊಣೆ ಪತಿಯದೇ, ಹಾಗಾಗಿ ಆಕೆ ಬನಶಂಕರಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡ ಕ್ಷಣದಲ್ಲೇ ಪತಿಯ ಫೋನಿಗೆ ಸಂದೇಶ. ಸಂಜೆ ಬಾಗಿಲಲ್ಲೇ ವಿಚಾರಣೆ! ಸಹೋದರರೇ, ಮನೆಯ ಲೆಕ್ಕ ನೋಡುವುದು ಬೇರೆ, ಮನೆಯವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಬೇರೆ. ತಿಂಗಳಿಗೊಮ್ಮೆ, ಊಟ ಮುಗಿದ ಮೇಲೆ, ಇಬ್ಬರೂ ಕುಳಿತು ಬಿಲ್ಲು ಓದಿ. ನಿಮ್ಮ ಖರ್ಚನ್ನೂ ಆಕೆ ಓದಲಿ. ಆಕೆಯ ಮಹ್ರ್, ಆಕೆಯ ಸ್ವಂತ ಸಂಪಾದನೆ ಆಕೆಯದೇ ಆದದ್ದು. ಅದನ್ನು ಈ ಮನೆಖರ್ಚಿನ ಖಾತೆಯೊಳಗೆ ಬೆರೆಸಿಬಿಡಬೇಡಿ.

ಉಳಿದ ಕಾರ್ಡುಗಳನ್ನು ಏನು ಮಾಡುವುದು? ಕತ್ತರಿಸಿ ಎಸೆದರೆ ಖಾತೆ ಮುಚ್ಚುವುದಿಲ್ಲ, ವಾರ್ಷಿಕ ಶುಲ್ಕ ಬೆಳೆಯುತ್ತಲೇ ಇರುತ್ತದೆ. ಬಾಕಿ ಪೂರ್ತಿ ತೀರಿಸಿ, ಮುಚ್ಚುವಂತೆ ಬ್ಯಾಂಕಿಗೆ ಮಿಂಚಂಚೆಯಲ್ಲಾದರೂ ಲಿಖಿತವಾಗಿ ಕೇಳಿ. 2022ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ, ಬಾಕಿಯಿಲ್ಲದ ಕಾರ್ಡನ್ನು 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಅದಕ್ಕೂ ಮುಂಚೆ ಆ ಕಾರ್ಡಿಗೆ ಜೋಡಿಸಿಟ್ಟ ಮೊಬೈಲ್ ಬಿಲ್ಲು, ವಿಮೆಯ ಕಂತುಗಳನ್ನು ಉಳಿಸಿಕೊಳ್ಳುವ ಖಾತೆಗೆ ಬದಲಾಯಿಸಿ. ಮುಚ್ಚಿದೆವೆಂದು ಬ್ಯಾಂಕ್ ಕಳುಹಿಸುವ ಪತ್ರವನ್ನು ಮನೆಯ ಕರಾರು ಪತ್ರದ ಜೊತೆಗೇ ಎತ್ತಿಡಿ.