ಡಿಸ್ಕ್ ಕಾಣಲಿಲ್ಲಂತ ಫಾರ್ಮ್ಯಾಟ್ ಮಾಡಬ್ಯಾಡ್ರಿ

ಅಕ್ಕಾರ, ವೈನಿಯಾರ, ಮೊನ್ನೆ ಮುಂಜಾನೆ ನಮ್ಮ ಹಳೇ ಲಿನಕ್ಸ್ ಕಂಪ್ಯೂಟರ್ ಚಾಲೂ ಆಗಲೇ ಇಲ್ಲ. ಡಿಸ್ಕ್ ಸಿಗಂಗಿಲ್ಲಂತ ಕರೀ ಪರದೆ ಮ್ಯಾಲೆ ಬರದು ನಿಂತಿತ್ತು. ಅವ್ವನ ಫೋಟೋ ಎಲ್ಲಾ ಅದರಾಗ! ಎದಿ ಧಸಕ್ಕಂತು. ರಿಪೇರಿಯಾಂವ, "ಫಾರ್ಮ್ಯಾಟ್ ಮಾಡೂಣ್ರಿ" ಅಂದ. ನಾ ಒಲ್ಲೆ ಅಂದೆ.

ಬಯಾಸಿನ್ಯಾಗ ನೋಡಿದ್ರ ತಾರೀಖು ವರ್ಷಗಟ್ಟಲೆ ಹಿಂದ ಹೋಗಿತ್ತು. ಮದರ್‌ಬೋರ್ಡಿನ ಗುಂಡನ ಸಿಆರ್2032 ಬ್ಯಾಟರಿ ಖಾಲಿ ಆಗಿ, ಸೆಟ್ಟಿಂಗ್ ಅಳಿಸಿ, ಡಿಸ್ಕ್ ಕಂಟ್ರೋಲರ್ ‘ಎಎಚ್‌ಸಿಐ’ ಇದ್ದದ್ದು ‘ರೇಡ್’ ಆಗಿತ್ತು. ಡಿಸ್ಕ್ ಗಟ್ಟಿನ ಇತ್ತು. ಲಿನಕ್ಸಿಗೆ ಕಾಣತಿರಲಿಲ್ಲ, ಅಷ್ಟ. ಹೊಸಾ ಬ್ಯಾಟರಿ ಹಾಕಿ, ಸೆಟ್ಟಿಂಗ್ ಮೊದಲಿನಂಗ ಮಾಡಿದೆ. ಅವ್ವ ನಕ್ಕೋತ ಬಂದಳು.

ನಾ ಹೇಳೂದಿಷ್ಟ: ಮೊದಲ ಕೇಬಲ್, ಬಯಾಸ್ ನೋಡ್ರಿ. ಫೋಟೋ ಇನ್ನೊಂದು ಕಡೆನೂ ಇಡ್ರಿ. ಕೀಲಿ ಸಿಗಲಿಲ್ಲಂತ ಯಾರರೆ ತಿಜೋರಿ ಸುಡ್ತಾರೇನು?