ಗಾಂಧಾರಿಯ ತಟ್ಟೆ ಎಷ್ಟು ಸುತ್ತು ತಿರುಗಬೇಕು?

ಹತ್ತನೇ ಇಯತ್ತೆಯ ಹುಡುಗನೊಬ್ಬ ಹಳೆಯ ಗ್ರಾಮಫೋನ್ ತಟ್ಟೆಯ ಹಾಡನ್ನು ಮೊಬೈಲಿನಲ್ಲಿ ಕೇಳಿಸಿ, "ಸರ್, ಇದು ಗಂಗೂಬಾಯಿ ಹಾನಗಲ್ಲರ ದನಿ ಅಂತ ಬರದಾರ್ರೀ. ಅವರ ದನಿ ಗಂಡಸರ ಹಂಗ ಇತ್ತಲ್ರೀ? ತಟ್ಟಿ ಜೋರ್ ತಿರುಗಿಸಿರಬೇಕು" ಎಂದ.

ಅನುಮಾನ ಪಡುವ ಹುಡುಗರು ನನಗೆ ಇಷ್ಟ. ಆದರೆ ಈ ಸಲ ತಪ್ಪು ತಟ್ಟೆಯದಲ್ಲ. ಅಷ್ಟು ಜೋರಾಗಿ ತಿರುಗಿಸಿದ್ದರೆ ತಬಲಾ ಕೂಡ ಟಿಣ್‌ಟಿಣ್ ಎನ್ನುತ್ತಿತ್ತು, ಹಾಡಿನ ಮಾತು ಗುಬ್ಬಿಯ ಚಿಲಿಪಿಲಿಯಾಗುತ್ತಿತ್ತು.

ಗಂಗೂಬಾಯಿಯವರು (1913-2009) 1930ರ ದಶಕದ ಮೊದಲ ವರ್ಷಗಳಲ್ಲಿ ಎಚ್‌ಎಂವಿಗೆ ಹಾಡಿದಾಗ ಇಪ್ಪತ್ತರ ಆಸುಪಾಸಿನವರು. ಆಗ ಅವರದು ಎಳೆಯ, ಚೂಪಾದ ಕಂಠ. ತಟ್ಟೆಯ ಮೇಲಿದ್ದ ಹೆಸರು ಗಾಂಧಾರಿ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಇಳಿದು ಗಡುಸಾಯಿತು. ನಾವೆಲ್ಲ ಬಲ್ಲದ್ದು ಆ ಎರಡನೆಯ ದನಿಯನ್ನು. ಮೊದಲಿನದು ಉಳಿದಿರುವುದು ಈ ತಟ್ಟೆಗಳಲ್ಲಿ ಮಾತ್ರ.

ಆ ತಟ್ಟೆ ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮುತ್ತುಗ, ಬೋರೆ ಗಿಡಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತುತ್ತಿದ್ದರು. ಕರಕರ ಸದ್ದಿಗೆ ಆ ಕಲ್ಲಿನ ಪುಡಿಯೂ ಕಾರಣ. ಕೈಜಾರಿದರೆ ಹಂಚಿನಂತೆ ಒಡೆಯುತ್ತಿತ್ತು. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ನಿಮಿಷಕ್ಕೆ 33⅓ ಸುತ್ತಿನ ವಿನೈಲ್ ಎಲ್‌ಪಿ ಬಂದದ್ದು ಆಮೇಲೆ. ಅದರಲ್ಲಿ ಒಂದು ಬದಿಗೆ ಇಪ್ಪತ್ತು ನಿಮಿಷ ಸಲೀಸು.

ಹಳೆಯ ಹಾಡನ್ನು ವಿನೈಲಿಗೆ ಮರುಮುದ್ರಿಸುವುದು ಈಗ ಎಲ್ಲೆಡೆ ಮತ್ತೆ ಫ್ಯಾಶನ್. ಇಲ್ಲಿ ಹುಡುಗನ ಪ್ರಶ್ನೆಗೆ ನಿಜವಾದ ಬೆಲೆ ಬರುತ್ತದೆ. 78 ಸುತ್ತಿನ ತಟ್ಟೆಯನ್ನು 83 ಸುತ್ತು ತಿರುಗಿಸಿ ಪ್ರತಿ ತೆಗೆದರೆ ಕಂಪನಗಳು ಶೇಕಡಾ 6ರಷ್ಟು ಹೆಚ್ಚುತ್ತವೆ. ಹಾರ್ಮೋನಿಯಂ ಪೇಟಿಯಲ್ಲಿ ಬಿಳಿ ಪಟ್ಟಿಯಿಂದ ಪಕ್ಕದ ಕರಿಗೆ ಸರಿದಂತೆ. ಮೂರು ನಿಮಿಷದ ಹಾಡು 11 ಸೆಕೆಂಡು ಮೊದಲೇ ಮುಗಿಯುತ್ತದೆ. ಕೇಳುವವನಿಗೆ ಗೊತ್ತೂ ಆಗುವುದಿಲ್ಲ. ಇನ್ನು ಕರಕರ ತೆಗೆಯುವ ಭರದಲ್ಲಿ ಕಂಪ್ಯೂಟರಿನಿಂದ ಹಾಡುವವರ ಉಸಿರನ್ನೇ ಒರೆಸಿಬಿಡುವವರಿದ್ದಾರೆ. ನನಗಂತೂ ಕರಕರವೇ ವಾಸಿ.

ಆ ಉಸಿರು ಯಾರದೆಂಬುದೂ ಮುಖ್ಯ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹುಡುಗಿ ಇವರು. ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರೇನೋ ಎಂದು ಆ ದಿನ ಅಂಜಿದ್ದನ್ನು ದೊಡ್ಡವರಾದ ಮೇಲೂ ಮರೆತಿರಲಿಲ್ಲ. ಜಾತಿಯ ಈ ಅಂಜಿಕೆ ಬೆನ್ನಿಗಿರುವಾಗಲೇ ಅವರ ದನಿ ತಟ್ಟೆಯೇರಿ ಯಾರ್‍ಯಾರದೋ ಪಡಸಾಲೆ ಹೊಕ್ಕಿತು. ಮರುಮುದ್ರಣದ ಹೊದಿಕೆಯ ಮೇಲೆ ಗಂಗೂಬಾಯಿ ಎಂಬುದರ ಜೊತೆಗೆ ಗಾಂಧಾರಿ ಎಂಬ ಹೆಸರೂ, ಪ್ರತಿ ತೆಗೆದಾಗಿನ ವೇಗವೂ ಇರಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೇ.

ಪಾಲಕರಿಗೊಂದು ಮಾತು. ಅಟ್ಟದ ಮೇಲೆ ಅಜ್ಜನ ಕಾಲದ ತಟ್ಟೆಗಳಿದ್ದರೆ ಮೋಡ್ಕಾದವನಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಅಂಚು ಹಿಡಿದೇ ಎತ್ತಿ. ಸ್ಪಿರಿಟ್ ಹಚ್ಚಿ ಮಾತ್ರ ಒರೆಸಬೇಡಿ. ಬಡಿಗೇರರು ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಸ್ಪಿರಿಟಿನಲ್ಲೇ. ತಟ್ಟೆ ಫಳಫಳ ಹೊಳೆದೀತು, ಹಾಡು ಬಟ್ಟೆಗೆ ಹತ್ತಿಕೊಂಡು ಬಂದೀತು.